ಕಾಫಿ ಕುಡಿದರೆ ಮೈ ಇಳಿಯುವುದೇ?

ಕಾಫಿ ಬೊಜ್ಜು ಕರಗಿಸುತ್ತದೆಂಬ ಮಾತು ಹಳ್ಳಿಗಳಲ್ಲೂ ಕೇಳಿಬರುತ್ತಿದೆ. ಇದರಲ್ಲಿ ತುಸು ನಿಜವಿದೆ. ಕಾಫಿಯಲ್ಲಿರುವ ಕೆಫೀನ್ ನರಮಂಡಲವನ್ನು ಚುರುಕುಗೊಳಿಸಿ, ದೇಹವು ವ್ಯಯಿಸುವ ಶಕ್ತಿಯನ್ನು ಕೆಲವು ಗಂಟೆಗಳ ಕಾಲ ಸ್ವಲ್ಪ ಹೆಚ್ಚಿಸುತ್ತದೆ. ಅರೇಬಿಕಾ ಬೀಜದಲ್ಲಿ ಸುಮಾರು ಶೇ. 1.2, ರೊಬಸ್ಟಾದಲ್ಲಿ ಶೇ. 2.2ರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಇರುವುದೇ ಇಲ್ಲ. ದಿನವೂ ಕುಡಿಯುವವರ ದೇಹ ಇದಕ್ಕೆ ಒಗ್ಗಿಹೋಗುವುದರಿಂದ ಪರಿಣಾಮ ಕುಗ್ಗುತ್ತದೆ.

ಲೆಕ್ಕ ತಪ್ಪುವುದು ಸಕ್ಕರೆಯಲ್ಲಿ. ಎರಡು ಚಮಚವೆಂದರೆ 10 ಗ್ರಾಂ, ಅಂದರೆ 40 ಕ್ಯಾಲರಿ. ದಿನಕ್ಕೆ ಐದು ಲೋಟವಾದರೆ 200, ಹಾಲಿನದು ಬೇರೆ. ಬೆಲ್ಲ ಹಾಕಿದರೂ ಹೆಚ್ಚು ವ್ಯತ್ಯಾಸವಾಗದು. ಸಕ್ಕರೆ ಕಡಿಮೆಯಾದರೆ ಅತಿಥಿ ಸತ್ಕಾರಕ್ಕೇನೂ ಕುಂದಿಲ್ಲ.

ಹೆಚ್ಚು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಟಾವಿನ ದಿನಗಳಲ್ಲಿ ಹೆಣ್ಣುಮಕ್ಕಳು ತಿಂಡಿ ಬಿಟ್ಟು ಕಾಫಿಯಲ್ಲೇ ಹಸಿವು ಅಡಗಿಸುವುದುಂಟು. ಆಗ ತೂಕ ಇಳಿಯಬಹುದು, ಶಕ್ತಿಯೂ ಇಳಿಯುತ್ತದೆ. ಅಲ್ಲದೆ ಊಟದೊಡನೆ ಕುಡಿದ ಕಾಫಿ, ರಾಗಿ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತದೆ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೂ ಈ ತಡೆ ತಪ್ಪದು. ಆದ್ದರಿಂದ ರಕ್ತಹೀನತೆ ಇರುವವರು ಊಟಕ್ಕೆ ಒಂದು ಗಂಟೆ ಮೊದಲೇ ಕುಡಿಯುವುದು ಲೇಸು. ಗರ್ಭಿಣಿಯರು ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರಬಾರದು.