ಮೀನಿನ ತೊಟ್ಟಿಗೊಂದು ಸ್ವಹಸ್ತದ ದೀಪ

ನಮ್ಮ ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಎರಡು ಅಡಿ ಉದ್ದದ ಗಾಜಿನ ಮೀನಿನ ತೊಟ್ಟಿಯೊಂದುಂಟು. ಮೊದಲು ಅದರ ಮೇಲೆ 230 ವೋಲ್ಟಿನ ಸಾಮಾನ್ಯ ಬಲ್ಬನ್ನು ತೂಗಹಾಕಿದ್ದೆವು. ನೀರಿನ ಆವಿ ತಗಲಿ ಅದರ ಹೋಲ್ಡರು ತುಕ್ಕು ಹಿಡಿದಿತ್ತು. ಒಂದು ದಿನ ಮೀನುಗಳಿಗೆ ಆಹಾರ ಹಾಕಹೋದ ಬಾಲಿಕೆಯೊಬ್ಬಳಿಗೆ ವಿದ್ಯುತ್ತಿನ ಆಘಾತ ತಗಲಿತು. ಪ್ರಾಣಾಪಾಯವಾಗಲಿಲ್ಲ, ಆದರೆ ಹೋಲ್ಡರನ್ನು ಪರೀಕ್ಷಿಸದೆ ಬಿಟ್ಟ ತಪ್ಪು ನನ್ನದು. ಅದು ಕಾರಣ ಹುಡುಗಿಯರೊಡನೆ ಕಲೆತು ಮಾಡಿದ ಹೊಸ ದೀಪದ ಕ್ರಮವನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಇಲ್ಲಿ ತಿಳಿಸುತ್ತೇನೆ.

ತೊಟ್ಟಿಗೆ ದೀಪವೇತಕ್ಕೆ? ಮೀನಿಗಿಂತಲೂ ಹೆಚ್ಚಾಗಿ ನೀರಿನ ಗಿಡಗಳಿಗೆ ಅದು ಅವಶ್ಯ. ಗಿಡಗಳು ಬೆಳಕಿನ ಬಲದಿಂದ ಆಹಾರವನ್ನು ತಯಾರಿಸಿಕೊಂಡು ಆಮ್ಲಜನಕವನ್ನು ನೀರಿಗೆ ಬಿಡುತ್ತವೆ. ಎಲ್.ಇ.ಡಿ. ದೀಪವು ಅಲ್ಪ ವಿದ್ಯುತ್ತಿನಿಂದ ಹೆಚ್ಚು ಬೆಳಕನ್ನು ಕೊಡುತ್ತದೆ. ಸಾಮಾನ್ಯವಾಗಿ ಅದರ ಬಿಳಿಯ ಬೆಳಕು ನೀಲಿ ಎಲ್.ಇ.ಡಿ.ಯ ಮೇಲೆ ಹಳದಿ ಲೇಪವನ್ನಿಡುವುದರಿಂದ ಉಂಟಾಗುವುದು. ಆ ನೀಲಿ ಎಲ್.ಇ.ಡಿ.ಗಾಗಿ ಜಪಾನಿನಲ್ಲಿ ಜನಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು 2014ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು.

ಬೇಕಾದ ಸಾಮಾನುಗಳಿವು: ಮೀಟರಿಗೆ 60 ದೀಪಗಳುಳ್ಳ, 14.4 ವಾಟಿನ, 12 ವೋಲ್ಟಿನ ಬಿಳಿಯ ಎಲ್.ಇ.ಡಿ. ಪಟ್ಟಿ ಒಂದು ಮೀಟರು, ಅಲ್ಯೂಮಿನಿಯಂ ಚಾನೆಲ್, ಬಿ.ಐ.ಎಸ್. ಗುರುತುಳ್ಳ 12 ವೋಲ್ಟ್, 2 ಆಂಪಿಯರಿನ ಅಡಾಪ್ಟರ್, ಸಿಲಿಕೋನ್ ಅಂಟು. ಇವೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ.

ಪಟ್ಟಿಯಲ್ಲಿ ಮೂರು ಮೂರು ದೀಪಗಳು ಒಂದು ಸಾಲಾಗಿರುವುವು. ದೀಪವೊಂದಕ್ಕೆ ಸುಮಾರು 3 ವೋಲ್ಟಿನಂತೆ 9 ವೋಲ್ಟು ವ್ಯಯವಾಗಿ, ಉಳಿದುದನ್ನು ರೆಸಿಸ್ಟರು ತಡೆಯುವುದು. ಆದುದರಿಂದ 5 ಸೆಂಟಿಮೀಟರಿಗೊಂದರಂತಿರುವ ಗುರುತಿನಲ್ಲಿಯೇ ಕತ್ತರಿಸತಕ್ಕದ್ದು. ಪಟ್ಟಿಯನ್ನು ಎರಡು ಸಮಭಾಗ ಮಾಡಿ ಚಾನೆಲಿಗೆ ಅಂಟಿಸಿರಿ; ಲೋಹವು ಶಾಖವನ್ನು ಹೊರಕ್ಕೆ ಸಾಗಿಸುವುದು. ಎರಡು ತುಂಡುಗಳ ಧನ ತುದಿಗಳನ್ನು ಕೆಂಪು ತಂತಿಗೂ ಋಣ ತುದಿಗಳನ್ನು ಕಪ್ಪು ತಂತಿಗೂ ಬೆಸೆಯಿರಿ. ಬೆಸುಗೆಯ ಕಾಲದಲ್ಲಿ ಹಿರಿಯರೊಬ್ಬರು ಹತ್ತಿರವಿರಬೇಕು. ಸಂದುಗಳಿಗೆ ಸಿಲಿಕೋನ್ ಲೇಪಿಸಿ ಒಂದು ದಿನ ಒಣಗಬಿಡಿರಿ. 14.4 ವಾಟನ್ನು 12ರಿಂದ ಭಾಗಿಸಿದರೆ 1.2 ಆಂಪಿಯರು, ಆದಕಾರಣ ನಮ್ಮ ಅಡಾಪ್ಟರು ಸಾಕು.

ದೀಪವನ್ನು ತೊಟ್ಟಿಯ ಗಾಜಿನ ಮುಚ್ಚಳದ ಮೇಲಿಡತಕ್ಕದ್ದು. ಅಡಾಪ್ಟರು ನೀರು ಸಿಡಿಯದಷ್ಟು ದೂರದಲ್ಲಿರಲಿ. ತಂತಿಯು ಸಾಕೆಟ್ಟಿಗಿಂತ ಕೆಳಕ್ಕೆ ಬಾಗಿ ಮೇಲೇರಲಿ. ಹಾಗಿದ್ದರೆ ತಂತಿಗುಂಟ ಇಳಿದ ನೀರು ಬಾಗಿನಲ್ಲಿಯೇ ತೊಟ್ಟಿಕ್ಕುವುದು. ನೀರಿನಲ್ಲಿ ಕೈಯಿಡುವ ಮೊದಲು ಸ್ವಿಚ್ಚನ್ನು ಆರಿಸಲೇಬೇಕು. ದಿನಕ್ಕೆ 6ರಿಂದ 8 ಗಂಟೆಯ ಬೆಳಕು ಸಾಕು. ಹೆಚ್ಚಾದರೆ ಪಾಚಿ ಬೆಳೆಯುವುದು.

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ವಿದ್ಯುತ್ತು ಹೊಸದಲ್ಲ; ಅದರ ನಿಯಮ ಮಾತ್ರ ಅನೇಕರಿಗೆ ಹೊಸದು. ಅಂದು ಆಘಾತಗೊಂಡ ಬಾಲಿಕೆ ಬಹುದಿನ ಸ್ವಿಚ್ಚನ್ನು ಮುಟ್ಟಲೊಲ್ಲದೆ ಇದ್ದಳು. ಹೊಸ ದೀಪದ ಕೊನೆಯ ಬೆಸುಗೆಯನ್ನು ಹಾಕಿದವಳು ಆಕೆಯೇ. ಪೋಷಕರೇ, ನಿಮ್ಮ ಹೆಣ್ಣುಮಕ್ಕಳನ್ನು ವಿದ್ಯುತ್ತಿನಿಂದ ದೂರವಿರಿಸಬೇಡಿರಿ. ಅದನ್ನು ಅರಿತು ಬಳಸಲು ಕಲಿಸಿರಿ.