ಪರದೆ ಒಂದು, ಕೆಲಸ ಹಲವು: ಖಾನಾಪುರದ ಚಿರಂಜೀವಿಗೆ ಪತ್ರ

ಖಾನಾಪುರದಲ್ಲಿರುವ ಚಿರಂಜೀವಿಗೆ ಬೆಳಗಾವಿಯಿಂದ ಹಿರಿಯರು ಮಾಡುವ ಆಶೀರ್ವಾದಗಳು. 

ದಿನವಿಡೀ ಕಂಪ್ಯೂಟರಿನ ಎದುರು ಕೂತರೂ ಮರಾಠಿ ಕಾಗದಪತ್ರಗಳ ಅನುವಾದ ನಾಲ್ಕು ಪುಟ ದಾಟುವುದಿಲ್ಲವೆಂದರೆ, ದೋಷವನ್ನು ಪರದೆಯ ಅಗಲದ ಮೇಲೆ ಹೊರಿಸುವ ಮೊದಲು ಅದರ ಮೇಲೆ ಏನೇನು ಹರಡಿಕೊಂಡಿದೆಯೆಂದು ನೋಡುವುದು ಉಚಿತ. ಚಿರಂಜೀವಿಯು ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಹಿನ್ನೆಲೆಯ ಬಣ್ಣವೇ ಕಾಣದಷ್ಟು ಫೈಲುಗಳು ಕವಿದಿದ್ದು, ‘ಖರೇದಿಪತ್ರ ಕೊನೆಯದು’ ಎಂಬುದರ ಮಗ್ಗುಲಲ್ಲೇ ‘ಖರೇದಿಪತ್ರ ಕೊನೆಯದು ಹೊಸದು’ ಎಂಬುದೂ ಇರುವುದು ಹಿರಿಯರ ಚಿಂತೆಗೆ, ಮುಚ್ಚಿಡುವುದೇಕೆ, ಸಿಟ್ಟಿಗೂ ಕಾರಣವಾಗಿದೆ. ಕಂತಿನ ಮೇಲೆ ಎರಡನೆಯ ಮಾನಿಟರ್ ಕೊಳ್ಳಬೇಕೋ, ಇರುವ ಒಂದರಲ್ಲೇ ವ್ಯವಸ್ಥೆ ಮಾಡಿಕೊಳ್ಳಬೇಕೋ ಎಂಬ ಪ್ರಶ್ನೆಗೆ ಎರಡೂ ಪಕ್ಷಗಳನ್ನು ಸಮನಾಗಿ ತೂಗಿಯೇ ಉತ್ತರ ಹೇಳಬೇಕು.

ಹಿರಿಯರ ಕಸುಬು ಆರಂಭವಾದದ್ದು ಖಡೇಬಜಾರಿನ ಒಂದು ಮುದ್ರಣಾಲಯದಲ್ಲಿ, ಸೀಸದ ಅಚ್ಚುಮೊಳೆಗಳ ಕಾಲದಲ್ಲಿ. ಮೊಳೆಗಳನ್ನು ತುಂಬಿಡುವ, ಸಣ್ಣ ಸಣ್ಣ ಮನೆಗಳುಳ್ಳ ಮರದ ತಟ್ಟೆಗೆ ಅಲ್ಲಿ ‘ಕೇಸು’ ಎನ್ನುತ್ತಿದ್ದರು. ಗುಣಿತಾಕ್ಷರ, ಒತ್ತಕ್ಷರಗಳಿಂದಾಗಿ ಕನ್ನಡಕ್ಕೆ ಇಂಗ್ಲಿಷಿಗಿಂತ ಬಹಳ ಹೆಚ್ಚು ಮನೆಗಳು ಬೇಕಾಗುತ್ತಿದ್ದವು. ಒಂದೇ ದಿನ ಕನ್ನಡದ ಲಗ್ನಪತ್ರಿಕೆಯೂ ಮರಾಠಿಯ ಲಗ್ನಪತ್ರಿಕೆಯೂ ಕೈಗೆ ಬರುತ್ತಿದ್ದ ಊರಾದ್ದರಿಂದ ದೇವನಾಗರಿಯ ಕೇಸುಗಳು ಎದುರುಗೋಡೆಗೆ ಪ್ರತ್ಯೇಕವಾಗಿದ್ದವು. ಬಳಕೆ ಹೆಚ್ಚಿರುವ ಅಕ್ಷರ ಕೈಯಳತೆಯಲ್ಲಿ, ಅಪರೂಪದ ‘ಞ’ ಮೂಲೆಯಲ್ಲಿ. ಕಣ್ಣು ಹಸ್ತಪ್ರತಿಯ ಮೇಲಿದ್ದರೂ ಕೈ ತಾನಾಗಿ ಮನೆ ಹುಡುಕಿಕೊಂಡು ಹೋಗುತ್ತಿತ್ತು. ಅಚ್ಚಾದ ಮೇಲೆ ಮಸಿ ತೊಳೆದು ಪ್ರತಿ ಮೊಳೆಯನ್ನೂ ಅದರ ಮನೆಗೇ ಹಿಂದಿರುಗಿಸುವ ಕೆಲಸಕ್ಕೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ಯಾರಿಗೂ ಬೇಡವಾದ ಈ ಕೆಲಸ ಹೊಸಬರ ಪಾಲಿಗೆ ಬೀಳುತ್ತಿತ್ತು, ಮತ್ತು ತಪ್ಪು ಮನೆಗೆ ಬಿದ್ದ ಒಂದು ‘ಷ’ ಮರುದಿನ ಯಾರದೋ ಲಗ್ನಪತ್ರಿಕೆಯಲ್ಲಿ ವರನ ಹೆಸರನ್ನೇ ಕೆಡಿಸುತ್ತಿದ್ದುದರಿಂದ, ಮೊಳೆ ಮನೆ ಸೇರುವವರೆಗೆ ಹುಡುಗರೂ ಮನೆಗೆ ಹೋಗುವಂತಿರಲಿಲ್ಲ. ಮುಂದೆ ಅದೇ ಕೋಣೆಗೆ ಪೇಜ್‌ಮೇಕರ್ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಸೀಸವೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಅದರೊಂದಿಗೆ ಡಿಸ್ಟ್ರಿಬ್ಯೂಷನ್ನಿನ ಪೀಡೆಯೂ ತೊಲಗಿತೆಂದು ಎಲ್ಲರೂ ನಂಬಿದರು.

ಅದು ತೊಲಗಿಲ್ಲವೆಂಬುದಕ್ಕೆ ಚಿರಂಜೀವಿಯ ಪರದೆಯೇ ಸಾಕ್ಷಿ. ಪರದೆಯ ಮೇಲೆ ತೆರೆದುಕೊಳ್ಳುವ ಕಿಟಕಿಗಳ ನೂಕುನುಗ್ಗಲೂ ಇಂದಿನದೇನೂ ಅಲ್ಲ. 1985ರ ಮೊದಲ ವಿಂಡೋಸ್‌ನಲ್ಲಿ ಕಿಟಕಿಗಳು ಅಕ್ಕಪಕ್ಕ ಮಾತ್ರ ಕೂರುತ್ತಿದ್ದವು. ಒಂದರ ಮೇಲೊಂದು ಹಾಯುವ ಸ್ವಾತಂತ್ರ್ಯ 1987ರ ಎರಡನೆಯ ಆವೃತ್ತಿಯಲ್ಲಿ ದೊರೆಯಿತು. ಜೆರಾಕ್ಸ್ ಕಂಪನಿಯ ಸಂಶೋಧಕರಾದ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ 1986ರಲ್ಲೇ ‘ರೂಮ್ಸ್’ ಎಂಬ ವ್ಯವಸ್ಥೆಯನ್ನು ವಿವರಿಸಿ, ಒಂದೊಂದು ಕೆಲಸದ ಕಿಟಕಿಗಳಿಗೆ ಒಂದೊಂದು ಕೋಣೆಯನ್ನು ಕೊಟ್ಟು, ಚಿಕ್ಕ ಪರದೆಯಲ್ಲೂ ಇಕ್ಕಟ್ಟಿಲ್ಲದೆ ದುಡಿಯಬಹುದೆಂದು ತೋರಿಸಿದ್ದರು. ವಿಂಡೋಸ್ 10ರಲ್ಲಿ, ಅಂದರೆ 2015ರಿಂದ, ಇದೇ ಸೌಕರ್ಯ ವರ್ಚುವಲ್ ಡೆಸ್ಕ್‌ಟಾಪ್ ಎಂಬ ಹೆಸರಿನಲ್ಲಿ ಬಿಟ್ಟಿಯಾಗಿ ಸಿಗುತ್ತಿದೆ. ವಿಂಡೋಸ್ ಕೀ, ಕಂಟ್ರೋಲ್ ಮತ್ತು ಡಿ ಒಟ್ಟಿಗೆ ಒತ್ತಿದರೆ ಹೊಸ ಕೋಣೆ. ಡಿ ಬದಲು ಎಡಬಲದ ಬಾಣ ಒತ್ತಿದರೆ ಕೋಣೆಯಿಂದ ಕೋಣೆಗೆ ಓಡಾಟ. ಅನುವಾದದ ಕೋಣೆಯಲ್ಲಿ ವಿಂಡೋಸ್ ಕೀ ಜೊತೆ ಎಡಬಾಣ ಒತ್ತಿ ಮರಾಠಿ ಮೂಲವನ್ನು ಅರ್ಧ ಪರದೆಗೆ, ಬಲಬಾಣದಿಂದ ಕನ್ನಡ ಕರಡನ್ನು ಇನ್ನರ್ಧಕ್ಕೆ ಕೂರಿಸಿ, ವಾಟ್ಸಾಪ್ ಮತ್ತು ಮೇಲ್‌ಗಳನ್ನು ಇನ್ನೊಂದು ಕೋಣೆಗೆ ಅಟ್ಟಿದರೆ ಆಲ್ಟ್-ಟ್ಯಾಬ್ ಕುಟ್ಟುವ ಚಪಲ ತಾನೇ ಇಳಿಯುತ್ತದೆ.

ಆದರೆ ಕೋಣೆ ಬದಲಾದರೂ ಹಿನ್ನೆಲೆಯ ಫೈಲುಗಳ ರಾಶಿ ಎಲ್ಲ ಕೋಣೆಗಳಲ್ಲೂ ಅದೇ ಇರುತ್ತದೆ. ಡೆಸ್ಕ್‌ಟಾಪ್ ಎಂಬುದು ಸಾಮಾನ್ಯವಾಗಿ ಸಿ ಡ್ರೈವಿನೊಳಗಿನ ಒಂದು ಫೋಲ್ಡರ್ ಅಷ್ಟೇ ಎಂಬುದನ್ನೂ, ಬೇರೆಡೆ ಪ್ರತಿ ಇಡದೆ ಆ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಪಕ್ಷಕಾರರ ದಾಖಲೆಗಳೆಲ್ಲ ಅಳಿಯುತ್ತವೆಂಬುದನ್ನೂ ಇಂಜಿನಿಯರಿಂಗ್ ಪದವೀಧರನಿಗೆ ಅಚ್ಚುಮೊಳೆಯ ಕಾಲದವರು ಹೇಳಿಕೊಡಬೇಕಾಗಿ ಬಂದದ್ದು ನಾಚಿಕೆಗೇಡು. ಕೆಲಸಕ್ಕೊಂದು ಫೋಲ್ಡರ್, ಹೆಸರಿನ ಮೊದಲಲ್ಲಿ ವರ್ಷ, ತಿಂಗಳು, ದಿನ, ಸಂಜೆ ಏಳುವ ಮೊದಲು ಎಲ್ಲವನ್ನೂ ಅದರದರ ಜಾಗಕ್ಕೆ ಸೇರಿಸುವುದು: ಇಷ್ಟೂ ಮಾಡಲಾಗದ ಸೋಮಾರಿಗೆ ನಾಲ್ಕು ಪರದೆ ಕೊಟ್ಟರೆ ನಾಲ್ಕೂ ತುಂಬುತ್ತವೆ!

ಗದರಿಕೆ ತುಸು ಜೋರಾಯಿತೇನೋ. ಮಳೆ ಹಿಡಿದರೆ ಖಾನಾಪುರದಲ್ಲಿ ಕರೆಂಟು ನಂಬಿ ದುಡಿಯುವವನ ಪಾಡು ಹಿರಿಯರಿಗೆ ತಿಳಿಯದ್ದಲ್ಲ. ಎರಡನೆಯ ಪರದೆಗೂ ಅದರದೇ ನ್ಯಾಯವಿದೆ. ಉದ್ಯಮಬಾಗಿನ ಫೌಂಡ್ರಿಗಳಿಗೆ ನಕ್ಷೆ ತಯಾರಿಸುವವರು ಒಂದರಲ್ಲಿ ನಕ್ಷೆ, ಇನ್ನೊಂದರಲ್ಲಿ ಬಿಡಿಭಾಗಗಳ ಪಟ್ಟಿ ಇಟ್ಟುಕೊಳ್ಳುವುದು ಸರಿಯಾದದ್ದೇ. ಅನುವಾದಕನಿಗೆ ಬೇಕಾದದ್ದು ಎರಡು ಪುಟ, ಅವು ಒಂದೇ ಪರದೆಯಲ್ಲಿ ಹಿಡಿಯುತ್ತವೆ; ಮೇಲಾಗಿ ಇನ್ನೊಂದು ಮಾನಿಟರ್ ಅದೇ ಯುಪಿಎಸ್‌ಗೆ ಜೋತುಬಿದ್ದರೆ ಕರೆಂಟು ಹೋದಾಗ ಫೈಲು ಸೇವ್ ಮಾಡಿಕೊಳ್ಳಲು ಉಳಿಯುವ ನಿಮಿಷಗಳೂ ಕಡಿಮೆಯಾಗುತ್ತವೆ. ಕೊಳ್ಳಲೇಬೇಕೆಂದಿದ್ದರೆ ಮಳೆಗಾಲ ಕಳೆಯಲಿ, ಅಷ್ಟರಲ್ಲಿ ಆ ಹಣದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಬರಲಿ. ಗಣೇಶ ಚೌತಿಗೆ ಬೆಳಗಾವಿಗೆ ಬರುವಾಗ ಚಿರಂಜೀವಿಯು ಹಾರ್ಡ್ ಡಿಸ್ಕ್ ತಂದರೆ ಖರೇದಿಪತ್ರಗಳಲ್ಲಿ ನಿಜಕ್ಕೂ ಕೊನೆಯದು ಯಾವುದೆಂದು ಹಿರಿಯರೂ ಜೊತೆಗೆ ಕೂತು ಹುಡುಕುವರು.