ಕಾದ ಎಂಜಿನಿನ ಕುರಿತು ಒಂದು ಕಿವಿಮಾತು

ವೈಶಾಖದ ಮಧ್ಯಾಹ್ನ ಬೆಂಗಳೂರು–ಹೈದರಾಬಾದು ಹೆದ್ದಾರಿಯಿಂದ ಕೊಡಿಕೊಂಡದಲ್ಲಿ ಚಿಲಮತ್ತೂರಿನ ಕಡೆಗೆ ಹೊರಳುವಾಗ ನಿಮ್ಮ ಟರ್ಬೊ ಕಾರಿನ ಉಷ್ಣಮಾಪಕದ ಮುಳ್ಳು ಮೇಲೇರತೊಡಗಿದರೆ, ಲೇಪಾಕ್ಷಿ ಇನ್ನೇನು ಬಂದಿತೆಂಬ ಆತುರವನ್ನು ತೊರೆದು, ಕೂಡಲೇ ಬದಿಗೆ ನಿಂತು ಎಂಜಿನನ್ನು ಆರಿಸಿರಿ. ಕಾದ ರೇಡಿಯೇಟರಿನ ಮುಚ್ಚಳವನ್ನಂತೂ ಮುಟ್ಟಲೇಬೇಡಿರಿ.

ಹೆಡ್ ಗ್ಯಾಸ್ಕೆಟ್ಟನ್ನು ದೂಷಿಸುವ ಮುನ್ನ ಫ್ಯಾನು, ಥರ್ಮೋಸ್ಟಾಟು, ವಾಟರ್ ಪಂಪುಗಳನ್ನು ಪರೀಕ್ಷಿಸುವುದು ಯುಕ್ತ. ಟರ್ಬೊ ತುಂಬುವ ಗಾಳಿಯಿಂದ ಸಿಲಿಂಡರಿನೊಳಗಿನ ಒತ್ತಡವು ಅಧಿಕವಾಗುವುದರಿಂದ, ಸೂಕ್ಷ್ಮವಾದ ಸೋರಿಕೆಯು ನಿಂತ ಗಾಡಿಯಲ್ಲಿ ಅಡಗಿದ್ದು ಏರಿನಲ್ಲಿ ಮಾತ್ರ ಪ್ರಕಟವಾಗುವುದುಂಟು. ಮುಂಜಾನೆ ತಣ್ಣಗಿರುವ ಎಂಜಿನನ್ನು ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲಿಯೇ ಮೇಲಿನ ಹೋಸು ಬಿಗಿದು, ಕೂಲಂಟ್ ಡಬ್ಬಿಯಲ್ಲಿ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಸಂಶಯವು ಬಲವಾಯಿತು. ಆಯಿಲ್ ಮುಚ್ಚಳದಡಿಯ ಕೆನೆಯೊಂದನ್ನೇ ನೆಚ್ಚಬೇಡಿರಿ. ಸಣ್ಣ ಓಡಾಟದ ತೇವದಿಂದಲೂ ಅದು ಕಟ್ಟುವುದು. ಕೂಲಂಟಿನ ಆವಿಯನ್ನು ಹಾಯಿಸಿದಾಗ ನೀಲಿಯ ಪರೀಕ್ಷಾದ್ರವವು ಹಳದಿಗೆ ತಿರುಗಿದರೆ ಹೆಡ್ಡನ್ನು ಬಿಚ್ಚಿಸಿರಿ, ಬಿಚ್ಚಿಸಿದಾಗ ಅದರ ಸಮತಲವನ್ನೂ ಅಳೆಸಿರಿ.